ಬಿಳಿ ಪುಡಿ ಹಳದಿಯಾದ ಕಥೆ

ನಮ್ಮ ಹಳೇ ಮನೆಯ ಗೇಟಿಗೆ ಬಿಳಿ ಪೇಂಟು ಹೊಡೆಸಿದ್ದರು. ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ, ಮುಟ್ಟಿದರೆ ಸಾಕು, ಅಂಗೈಗೆಲ್ಲ ಬಿಳಿ ಪುಡಿ. "ಕಳಪೆ ಪೇಂಟು" ಅಂತ ಅಪ್ಪ ಗೊಣಗುತ್ತಿದ್ದರು. ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡೇ ಬಿಸಿಲು ಬಿದ್ದಾಗ ತನ್ನನ್ನು ಹಿಡಿದಿಟ್ಟ ಅಂಟನ್ನು ಮುರಿದುಹಾಕುತ್ತದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಂದರೆ ಆ ಪುಡಿ ಬೆಳಕು ಕುಡಿದು ಕೆಲಸ ಮಾಡುತ್ತದೆ!

2025ರ ರಸಾಯನಶಾಸ್ತ್ರದ ನೊಬೆಲ್ ಸುದ್ದಿ ಓದಿದಾಗ ಆ ಗೇಟು ಮತ್ತೆ ನೆನಪಾಯಿತು. ಯಾಕೆ ಅಂತ ಹೇಳುತ್ತೇನೆ, ಕೇಳಿ.

1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಇದೇ ಟೈಟಾನಿಯಂ ಡೈಆಕ್ಸೈಡಿನ ಹರಳನ್ನು ನೀರಿನಲ್ಲಿಟ್ಟು, ಪ್ಲಾಟಿನಂಗೆ ತಂತಿ ಜೋಡಿಸಿ, ಬೆಳಕು ಬಿಟ್ಟು ನೀರನ್ನೇ ಒಡೆಯಬಹುದು ಅಂತ ಪ್ರಕಟಿಸಿದರು. ಮರುವರ್ಷವೇ ತೈಲ ಬಿಕ್ಕಟ್ಟು. ಬಿಸಿಲಿನಿಂದ ಇಂಧನ ಅಂದರೆ ಯಾರಿಗೆ ಬೇಡ? ಆದರೆ ಈ ಪುಡಿಗೆ ಹಿಡಿಸುವುದು ನೇರಳಾತೀತ ಕಿರಣ ಮಾತ್ರ. ನೆಲ ಮುಟ್ಟುವ ಬಿಸಿಲಿನಲ್ಲಿ ಅದು ಶೇಕಡಾ 5ರ ಆಸುಪಾಸು. ಉಳಿದ ಬೆಳಕನ್ನೆಲ್ಲ ವಾಪಸು ಕಳಿಸುತ್ತದೆ, ಅದಕ್ಕೇ ಅದು ಬಿಳಿ. 2001ರಲ್ಲಿ ಜಪಾನಿನವರೇ ಅದಕ್ಕೆ ಸಾರಜನಕ ಬೆರೆಸಿ ಗೋಚರ ಬೆಳಕನ್ನೂ ಹೀರುವಂತೆ ಮಾಡಿದರು. ಆದರೆ ಗಟ್ಟಿ ಹರಳಿನೊಳಗೆ ಬೆರಕೆ ಎಲ್ಲಿ ಹೋಗಿ ಕೂರಬೇಕು ಅಂತ ಹೇಳಿ ಕೂರಿಸುವುದು ಕಷ್ಟ.

ಇನ್ನೊಂದು ಎಳೆ ಮೆಲ್ಬೋರ್ನಿನದು. 1974ರಲ್ಲಿ ರಿಚರ್ಡ್ ರಾಬ್ಸನ್ ಪಾಠ ಮಾಡಲು ಮರದ ಚೆಂಡುಗಳಿಗೆ ತೂತು ಕೊರೆಸುತ್ತಿದ್ದರು. ತೂತು ಎಲ್ಲಿದೆ ಅನ್ನುವುದರಲ್ಲೇ ಇಡೀ ಕಟ್ಟಡದ ನಕ್ಷೆ ಅಡಗಿದೆಯಲ್ಲ ಅಂತ ಹೊಳೆಯಿತು. 1989ರಲ್ಲಿ ತಾಮ್ರ ಮತ್ತು ಸಾವಯವ ಅಣುಗಳಿಂದ ಅಂಥದ್ದೊಂದು ಚೌಕಟ್ಟು ಕಟ್ಟಿ ತೋರಿಸಿದರು. ಲೋಹ ಕಂಬ, ಸಾವಯವ ಅಣು ತೊಲೆ, ನಡುವೆ ಖಾಲಿ ಕೋಣೆಗಳು. ಸುಸುಮು ಕಿಟಗಾವಾ, ಓಮರ್ ಯಾಘಿ ಇದನ್ನು ಬೆಳೆಸಿದರು. 1999ರಲ್ಲಿ ಬಂದ ಯಾಘಿಯವರ ಎಂಓಎಫ್-5ರಲ್ಲಿ ತೊಲೆ ಯಾವುದು ಗೊತ್ತೆ? ಟೆರೆಫ್ತಾಲಿಕ್ ಆಮ್ಲ. ನೀರಿನ ಬಾಟಲಿ, ಪಾಲಿಯೆಸ್ಟರ್ ಸೀರೆಗೆ ಬಳಸುವ ಅದೇ ಕಚ್ಚಾವಸ್ತು! 2025ರ ನೊಬೆಲ್ ಈ ಮೂವರಿಗೆ.

ಎರಡೂ ಎಳೆ ಕೂಡಿದ್ದು 2009ರಲ್ಲಿ, ಫ್ರಾನ್ಸಿನ ವರ್ಸೈನಲ್ಲಿ. ಜೆರಾರ್ ಫೆರೆ ಅವರ ತಂಡ ಟೈಟಾನಿಯಂ ಕಂಬಕ್ಕೆ ಅದೇ ಬಾಟಲಿ ಆಮ್ಲದ ತೊಲೆ ಹಾಕಿ ಎಂಐಎಲ್-125 ಮಾಡಿತು. ಪುಡಿ ಮತ್ತೆ ಬಿಳಿ. ಮತ್ತೆ ಅದೇ ನೇರಳಾತೀತದ ಹಟ.

2012ರಲ್ಲಿ ಚೀನಾದ ಫುಝೌನ ಸಂಶೋಧಕರು ಅಮೈನೋ ಗುಂಪು ಇರುವ ತೊಲೆ ಬಳಸಿದರು. ಒಂದು ಸಾರಜನಕ, ಎರಡು ಜಲಜನಕ, ಅಷ್ಟೇ. ಮನೆ ಬೀಳಲಿಲ್ಲ, ಕೋಣೆ ಕೆಡಲಿಲ್ಲ. ಪುಡಿ ಹಳದಿಯಾಯಿತು! 550 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕಿನವರೆಗೂ ಹೀರತೊಡಗಿತು. ಕಾರ್ಬನ್ ಡೈಆಕ್ಸೈಡನ್ನು ಫಾರ್ಮೇಟ್ ಆಗಿ ಬದಲಿಸಿತು. ಬೆಳಕು ಬಿದ್ದಾಗ ಎಲೆಕ್ಟ್ರಾನು ತೊಲೆಯಿಂದ ಟೈಟಾನಿಯಂಗೆ ಜಿಗಿಯಬೇಕು. ಸಾರಜನಕದ ಜೋಡಿ ಎಲೆಕ್ಟ್ರಾನುಗಳು ಮೊದಲೇ ಮೇಲಿನ ಮಟ್ಟದಲ್ಲಿರುತ್ತವೆ. ಅಟ್ಟ ಇದ್ದಲ್ಲೇ ಇದೆ, ನಿಂತವನ ಕಾಲಡಿಗೆ ಮಣೆ ಕೊಟ್ಟ ಹಾಗೆ. 2013ರ ಲೆಕ್ಕಾಚಾರದ ಪ್ರಕಾರ ಜಿಗಿತ 3.6ರಿಂದ 2.6 ಎಲೆಕ್ಟ್ರಾನ್ ವೋಲ್ಟಿಗೆ ಇಳಿಯಿತು.

ಇಲ್ಲಿಗೆ ಚಪ್ಪಾಳೆ ತಟ್ಟಿ ಎದ್ದುಬಿಡಬಹುದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ಹತ್ತು ಗಂಟೆ ಬೆಳಕಿಗೆ ಸಿಕ್ಕ ಫಾರ್ಮೇಟ್ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಅದಕ್ಕೂ ಟ್ರೈಎಥನೊಲಮೈನ್ ಎಂಬ ರಾಸಾಯನಿಕವನ್ನು ಬಲಿ ಕೊಡಬೇಕಿತ್ತು. ಎಲೆಕ್ಟ್ರಾನು ಕೊಟ್ಟು ಅದು ಖರ್ಚಾಗಿ ಹೋಗುತ್ತದೆ. ಒಂದು ಇಂಧನಕ್ಕೆ ಇನ್ನೊಂದು ರಾಸಾಯನಿಕ ಸುಟ್ಟರೆ ಸಾಲ ತೀರಿಸಲು ಸಾಲ ಮಾಡಿದ ಹಾಗಲ್ಲವೇ? ನಮ್ಮ ಹಿತ್ತಲಿನ ಬಾಳೆ ಎಲೆ ಆ ಎಲೆಕ್ಟ್ರಾನನ್ನು ಬರೀ ನೀರಿನಿಂದ ಪಡೆಯುತ್ತದೆ.

ಇದು ಅವರ ತಪ್ಪೇನಲ್ಲ. ಬೇಕಾದ ಜಾಗದಲ್ಲಿ ಬೇಕಾದ ಅಣು ಕೂರಿಸಿ ಬಣ್ಣ ಬದಲಿಸಬಹುದು ಅಂತ ತೋರಿಸಿದ್ದೇ ದೊಡ್ಡದು. ಆದರೆ ಬೆಳಕು ಹೀರುವುದು ಬೇರೆ, ದುಡಿಯುವುದು ಬೇರೆ. ಇನ್ನು ಮುಂದೆ "ಬಿಸಿಲಿನಿಂದ, ಗಾಳಿಯಿಂದ ಇಂಧನ" ಅಂತ ಸುದ್ದಿ ಓದಿದರೆ ನೀವೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಎಲೆಕ್ಟ್ರಾನು ಕೊಟ್ಟವರು ಯಾರು?