ಬೆಳೆ ಸಮೀಕ್ಷೆ ವೇಳೆ ಮೊಬೈಲ್ ಇಂಟರ್‌ನೆಟ್ ತೊಂದರೆ: ಪರಿಹಾರ ಕ್ರಮಗಳು

ರೈತರು ತಮ್ಮ ಜಮೀನಿನ ಬೆಳೆ ವಿವರವನ್ನು ತಾವೇ ಆ್ಯಪ್ ಮೂಲಕ ದಾಖಲಿಸುವ ವ್ಯವಸ್ಥೆ ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ಜಾರಿಯಲ್ಲಿದೆ. ಬೆಳೆ ವಿಮೆ, ಬೆಳೆಹಾನಿ ಪರಿಹಾರ ಮತ್ತು ಬೆಂಬಲ ಬೆಲೆ ಖರೀದಿಗೆ ಈ ದಾಖಲೆಯನ್ನು ಪರಿಗಣಿಸಲಾಗುತ್ತದೆ. ತೊಗರಿ ಬಿತ್ತಿದ ಹೊಲ ದಾಖಲೆಯಲ್ಲಿ ಖಾಲಿ ಉಳಿದರೆ ಮುಂದೆ ಅದನ್ನು ಸರಿಪಡಿಸಿಕೊಳ್ಳಲು ಅಲೆದಾಟ ತಪ್ಪದು. ಆದ್ದರಿಂದ ಇಂಟರ್‌ನೆಟ್ ತೊಂದರೆಯನ್ನು ಕೊನೆಯ ದಿನದವರೆಗೆ ಬಿಡಬಾರದು.

ಹೊಲದಲ್ಲಿ ಸಿಗ್ನಲ್ ಇಲ್ಲವೆಂದು ಸಮೀಕ್ಷೆಯನ್ನು ಕೈಬಿಡಬೇಕಾಗಿಲ್ಲ. ಸ್ಥಳ ಗುರುತಿಸುವ ಜಿಪಿಎಸ್ ಉಪಗ್ರಹದ ಸಂಕೇತಗಳಿಂದ ಕೆಲಸ ಮಾಡುತ್ತದೆ. ಅದಕ್ಕೆ ಇಂಟರ್‌ನೆಟ್ ಬೇಡ. ಇಂಟರ್‌ನೆಟ್ ಬೇಕಾಗುವುದು ಮುಖ್ಯವಾಗಿ ಎರಡು ಹಂತಗಳಲ್ಲಿ: ಆರಂಭದಲ್ಲಿ ಮಾಲೀಕರ ವಿವರ ಹಾಗೂ ನಕ್ಷೆಯನ್ನು ಇಳಿಸಿಕೊಳ್ಳುವಾಗ ಮತ್ತು ಕೊನೆಯಲ್ಲಿ ಮಾಹಿತಿ ಕಳುಹಿಸುವಾಗ. ಮೊದಲನೆಯದನ್ನು ಮನೆಯಲ್ಲೇ ಮುಗಿಸಿ, ಸರ್ವೆ ನಂಬರಿನ ಗಡಿಯೊಳಗೆ ನಿಂತು ಛಾಯಾಚಿತ್ರ ತೆಗೆದು, ಸಿಗ್ನಲ್ ಇರುವ ಸ್ಥಳಕ್ಕೆ ಬಂದು ಅಪ್‌ಲೋಡ್ ಮಾಡಿ. ದಟ್ಟವಾದ ಅಡಿಕೆ ಅಥವಾ ತೆಂಗಿನ ತೋಟದೊಳಗೆ ಸ್ಥಳ ನಿಖರವಾಗಿ ಗುರುತಾಗಲು ತುಸು ಹೊತ್ತು ಹಿಡಿಯಬಹುದು. ಆಕಾಶ ಕಾಣುವ ತೆರವಿನಲ್ಲಿ ನಿಲ್ಲುವುದು ಉತ್ತಮ.

ದುರಸ್ತಿಗೆ ಮೊದಲು ಒಂದು ಎಚ್ಚರಿಕೆ

ಅಪ್‌ಲೋಡ್ ಆಗದ ಚಿತ್ರ ಮತ್ತು ವಿವರಗಳು ನಿಮ್ಮ ಫೋನಿನಲ್ಲಿ ಮಾತ್ರ ಇರುತ್ತವೆ. ಮನೆಯ ಹುಡುಗರು ಸಾಮಾನ್ಯವಾಗಿ ಮೊದಲು ಮಾಡುವ ಉಪಾಯವೆಂದರೆ ಆ್ಯಪ್ ತೆಗೆದುಹಾಕಿ ಮತ್ತೆ ಹಾಕುವುದು. ಇಲ್ಲಿ ಅದು ಸಲ್ಲದು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ, 'ಕ್ಲಿಯರ್ ಡೇಟಾ' ಒತ್ತಿದರೆ ಅಥವಾ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಉಳಿಸಿಟ್ಟ ಸಮೀಕ್ಷೆ ಅಳಿದುಹೋಗುತ್ತದೆ. 'ಕ್ಲಿಯರ್ ಕ್ಯಾಶ್' ಬೇರೆ. ಅದು ತಾತ್ಕಾಲಿಕ ಕಡತಗಳನ್ನಷ್ಟೇ ಅಳಿಸುತ್ತದೆ.

ಸಂಪರ್ಕ ಸರಿಪಡಿಸುವ ಬಗೆ

ಕರೆ ಹೋಗುತ್ತಿದ್ದು ಇಂಟರ್‌ನೆಟ್ ಮಾತ್ರ ಬಾರದಿದ್ದರೆ ಮೊದಲು ಡೇಟಾ ಪ್ಯಾಕ್ ಪರಿಶೀಲಿಸಿ. ದಿನದ ಮಿತಿ ಮುಗಿದಿದ್ದರೆ ವೇಗ ತೀರಾ ಕುಸಿಯುತ್ತದೆ, ಚಿತ್ರ ಹೋಗುವುದಿಲ್ಲ. ಎರಡು ಸಿಮ್ ಇರುವ ಫೋನಿನಲ್ಲಿ ರೀಚಾರ್ಜ್ ಮಾಡಿಸಿದ್ದು ಒಂದಕ್ಕೆ, ಡೇಟಾ ಆಯ್ಕೆಯಾಗಿರುವುದು ಇನ್ನೊಂದಕ್ಕೆ ಎಂಬುದು ಅಪರೂಪವಲ್ಲ. ಇವೆರಡೂ ಸರಿಯಿದ್ದರೆ ಏರೋಪ್ಲೇನ್ ಮೋಡ್ ಒತ್ತಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಫೋನು ಟವರಿನೊಡನೆ ಹೊಸದಾಗಿ ಸಂಪರ್ಕ ಸಾಧಿಸುತ್ತದೆ.

ಸಿಗ್ನಲ್ ಗೆರೆಗಳು ತುಂಬಿದ್ದರೂ ಪಕ್ಕದಲ್ಲಿ 'ಇ' ಅಕ್ಷರವಿದ್ದರೆ ಫೋನು 2ಜಿಯಲ್ಲಿದೆ ಎಂದರ್ಥ. ನೆಟ್‌ವರ್ಕ್ ಆಯ್ಕೆಯಲ್ಲಿ 4ಜಿ ಅಥವಾ 5ಜಿ ಇರುವಂತೆ ನೋಡಿಕೊಳ್ಳಿ. ಸಿಮ್ ಹಳೆಯ 3ಜಿ ಕಾಲದ್ದಾದರೆ ಅದೇ ಸಂಖ್ಯೆಗೆ 4ಜಿ ಸಿಮ್ ಪಡೆಯಬೇಕು. ಬ್ಯಾಟರಿ ಉಳಿಸುವ ಹಾಗೂ ಡೇಟಾ ಉಳಿಸುವ ಆಯ್ಕೆಗಳು ಅಪ್‌ಲೋಡನ್ನು ನಡುವೆಯೇ ತಡೆಯಬಹುದು, ಅವನ್ನು ತೆಗೆದಿಡಿ. ಫೋನಿನ ದಿನಾಂಕ, ಸಮಯ ತಪ್ಪಿದ್ದರೆ ಸರ್ವರ್ ಸಂಪರ್ಕ ನಿರಾಕರಣೆಯಾಗಬಹುದು. ಬ್ಯಾಟರಿ ಪೂರ್ತಿ ಇಳಿದು ಮತ್ತೆ ಹೊತ್ತಿಸಿದ ಹಳೆಯ ಫೋನುಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ಪಂಪ್‌ಸೆಟ್ ಮನೆಯ ತಗಡಿನ ಛಾವಣಿ ಸಿಗ್ನಲನ್ನು ತಡೆಯುತ್ತದೆ. ಹೊರಗೆ, ಎತ್ತರದ ದಿಬ್ಬಕ್ಕೆ ಬನ್ನಿ. ಸಂಜೆ ಜನರೆಲ್ಲ ವಿಡಿಯೊ ನೋಡುವ ವೇಳೆಗಿಂತ ಬೆಳಗಿನ ಜಾವ ಅಪ್‌ಲೋಡ್ ಸುಲಭ. ನೆರೆಹೊರೆಯವರಲ್ಲಿ ಬೇರೆ ಕಂಪನಿಯ ಸಿಮ್ ಇದ್ದರೆ ಅವರ ಹಾಟ್‌ಸ್ಪಾಟ್ ಬಳಸುವುದೇ, ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ಬೇಗ ಫಲ ಕೊಡುವ ಉಪಾಯ. ಇಷ್ಟಾದರೂ ಆಗದಿದ್ದರೆ 'ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್' ಮಾಡಬಹುದು. ವೈಫೈ ಗುಪ್ತಪದಗಳು ಅಳಿಯುತ್ತವೆ, ಛಾಯಾಚಿತ್ರಗಳು ಉಳಿಯುತ್ತವೆ.

ಇಡೀ ಊರಿಗೇ ಸಂಪರ್ಕವಿಲ್ಲದಿದ್ದರೆ ದೋಷ ಫೋನಿನದಲ್ಲ. ಕಂಪನಿಯ 198 ಸಂಖ್ಯೆಗೆ ದೂರು ನೀಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅವಧಿ ಮುಗಿಯುವ ಮುನ್ನ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ವಿಸ್ತರಣಾ ಕಾರ್ಯಕರ್ತರು ಅಂತಹ ಊರುಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು, ಸಿಗ್ನಲ್ ಸಿಗುವ ಜಾಗವೊಂದನ್ನು ಗುರುತಿಸಿ ರೈತರಿಗೆ ತಿಳಿಸುವುದು ಸೂಕ್ತ.

ಆ್ಯಪನ್ನು ಪ್ಲೇ ಸ್ಟೋರ್‌ನಿಂದ ಮಾತ್ರ ಪಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಕಡತ ತೆರೆಯಬೇಡಿ. ನೆಟ್‌ವರ್ಕ್ ಸರಿಪಡಿಸುತ್ತೇವೆಂದು ಕರೆ ಮಾಡಿದವರಿಗೆ ಒಟಿಪಿ ಹೇಳಬೇಡಿ. ಖಾತೆಯಿಂದ ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.