ಗಿರಾಕಿ ತುಂಬಿದ ಅಂಗಡಿ

ಕಳೆದ ದೀಪಾವಳಿಗೆ ಮಗ ಊರಿಗೆ ಬಂದಾಗ ಅವನ ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದದ್ದು ಒಂದು ವಿಡಿಯೋ ಗೇಮ್ ಪೆಟ್ಟಿಗೆ. ಟಿವಿಗೆ ಸಿಕ್ಕಿಸಿ ಆಡುವಂಥದ್ದು. ಬೆಲೆ ಎಷ್ಟೋ ಎಂದು ಕೇಳಿದೆ. ಐವತ್ತು ಸಾವಿರ ಅಂದ. ಚಕ್ಕುಲಿ ಒರಳು ನನ್ನ ಕೈಯಲ್ಲೇ ನಿಂತಿತು.

“ಆಟದ ಸಾಮಾನಿಗೆ ಐವತ್ತು ಸಾವಿರವೇ? ಆ ಕಂಪನಿಯವರು ಎಷ್ಟು ಲಾಭ ಹೊಡೀತಾರೋ!”

“ಲಾಭ ಎಲ್ಲಿ ಬಂತಮ್ಮ? ಎಷ್ಟೋ ಸಲ ಇಂಥ ಪೆಟ್ಟಿಗೆಗಳನ್ನ ಕೈಯಿಂದ ದುಡ್ಡು ಹಾಕಿ ಮಾರ್ತಾರೆ. ಸಂಪಾದನೆ ಏನಿದ್ದರೂ ಆಮೇಲೆ ನಾವು ಕೊಳ್ಳೋ ಗೇಮ್‌ಗಳಲ್ಲಿ” ಎಂದು ನಕ್ಕ.

ಅವನಿಗೆ ಅದು ತಮಾಷೆ. ನನಗೆ ಮಾತ್ರ ಆ ಮಾತು ಕೇಳಿದ ತಕ್ಷಣ ನಮ್ಮಪ್ಪನ ಅಂಗಡಿ ಕಣ್ಣ ಮುಂದೆ ಬಂತು. ಅಪ್ಪನದು ಪುಸ್ತಕದ ಅಂಗಡಿ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವಾಗ ಜಾಮಿಟ್ರಿ ಬಾಕ್ಸನ್ನು ಅಸಲಿಗಿಂತ ಒಂದು ರೂಪಾಯಿ ಕಡಿಮೆಗೆ ಕೊಡುತ್ತಿದ್ದರು. ಬಾಕ್ಸಿಗೆ ಬಂದ ಹುಡುಗ ವರ್ಷವಿಡೀ ನೋಟ್ ಬುಕ್ಕಿಗೂ ಇಲ್ಲಿಗೇ ಬರುತ್ತಾನೆ ಎಂಬುದು ಅವರ ಲೆಕ್ಕ. ಆ ತಿಂಗಳು ಅಂಗಡಿಯ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. “ನಿಮ್ಮಪ್ಪನಿಗೇನಮ್ಮ, ಒಳ್ಳೇ ವ್ಯಾಪಾರ” ಎನ್ನುತ್ತಿದ್ದರು ಜನ. ರಾತ್ರಿ ಲೆಕ್ಕದ ಪುಸ್ತಕದ ಮುಂದೆ ಕೂತ ಅಪ್ಪನ ಮುಖ ನೋಡಿದವರು ನಾವು ಮಾತ್ರ.

ಹಬ್ಬ ಮುಗಿದ ಮೇಲೆ ಮಗನನ್ನು ಕಾಡಿ ಈ ಆಟದ ಪೆಟ್ಟಿಗೆಗಳ ಚರಿತ್ರೆ ಕೇಳಿದೆ, ಒಂದಷ್ಟು ಓದಿಯೂ ತಿಳಿದೆ. ಇಷ್ಟು ವರ್ಷ ಮಕ್ಕಳಿಗೆ ಮೂರು ಪಾಣಿಪತ್ ಕದನಗಳನ್ನು ಪಾಠ ಹೇಳಿದವಳು ನಾನು. ಇದೂ ಅಂಥದೇ ಯುದ್ಧ. ಇದರಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಗೆದ್ದವರ ಕಥೆಯಲ್ಲ, ಜಪಾನಿನ ಸೆಗಾ ಕಂಪನಿಯ ಕಥೆ.

ತೊಂಬತ್ತರ ದಶಕದ ಆರಂಭದಲ್ಲಿ ಸೆಗಾದ್ದು ದೊಡ್ಡ ಹೆಸರು. 1991ರಲ್ಲಿ ಅದು ಸೋನಿಕ್ ಎಂಬ ಗೇಮ್ ತಂದಿತು. ನೀಲಿ ಬಣ್ಣದ, ಮುಳ್ಳುಹಂದಿಯಂಥ ಪ್ರಾಣಿ ಗಾಳಿಯಂತೆ ಓಡುವ ಆಟ. ಅಮೆರಿಕದ ಮಕ್ಕಳು ಅದಕ್ಕೆ ಮುಗಿಬಿದ್ದರು. ಅಲ್ಲಿಯವರೆಗೆ ಈ ವ್ಯಾಪಾರದಲ್ಲಿ ರಾಜನಂತಿದ್ದ ನಿಂಟೆಂಡೊ ಕಂಪನಿಗೇ ನಡುಕ ಹುಟ್ಟಿತು.

ಅಷ್ಟರಲ್ಲಿ ಸೋನಿ ಕಣಕ್ಕಿಳಿಯಿತು. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಮೇಳದಲ್ಲಿ ಸೆಗಾ ತನ್ನ ಹೊಸ ಯಂತ್ರ ಸ್ಯಾಟರ್ನ್‌ಗೆ 399 ಡಾಲರ್ ಬೆಲೆ ಸಾರಿತು. ಅದೇ ದಿನ ಸೋನಿಯವರೊಬ್ಬರು ವೇದಿಕೆ ಹತ್ತಿ ಮೈಕಿನ ಮುಂದೆ “299” ಎಂದಷ್ಟೇ ಹೇಳಿ ಇಳಿದುಹೋದರಂತೆ. ಅದು ಪ್ಲೇಸ್ಟೇಷನ್ನಿನ ಬೆಲೆ. ನೂರು ಡಾಲರ್ ವ್ಯತ್ಯಾಸ! ಪ್ಲೇಸ್ಟೇಷನ್ ಮುಂದೆ 10 ಕೋಟಿ ದಾಟಿತು. ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ.

ಈ ವ್ಯಾಪಾರದ ಗುಟ್ಟನ್ನು ಲೆಕ್ಕದ ಪಾಠದಂತೆ ಹೇಳಿಬಿಡುತ್ತೇನೆ. ಒಂದು ಪೆಟ್ಟಿಗೆ ಮಾರಿದರೆ ಕಂಪನಿಗೆ 50 ರೂಪಾಯಿ ನಷ್ಟ ಎಂದುಕೊಳ್ಳಿ. ಆ ಪೆಟ್ಟಿಗೆಗೆ ಯಾರೇ ಗೇಮ್ ತಯಾರಿಸಿ ಮಾರಿದರೂ ಒಂದೊಂದಕ್ಕೂ ಪೆಟ್ಟಿಗೆಯ ಕಂಪನಿಗೆ ಕಪ್ಪ ಸಲ್ಲಬೇಕು. ಅದು 10 ರೂಪಾಯಿ ಎಂದುಕೊಳ್ಳಿ. ಗಿರಾಕಿ ಐದು ಗೇಮ್ ಕೊಂಡರೆ ಅಸಲು ಹುಟ್ಟಿತು, ಆರನೆಯದರಿಂದ ಲಾಭ. ಎರಡೇ ಕೊಂಡು ಸುಮ್ಮನಾದರೆ? 30 ರೂಪಾಯಿ ಕೈಬಿಟ್ಟಿತು. ಅಂಥ ಗಿರಾಕಿಗಳು ಹೆಚ್ಚಿದಷ್ಟೂ ನಷ್ಟವೂ ಹೆಚ್ಚು. ಪತ್ರಿಕೆಯಲ್ಲಿ ಬರುವುದು ಎಷ್ಟು ಲಕ್ಷ ಪೆಟ್ಟಿಗೆ ಮಾರಿತೆಂಬ ಸುದ್ದಿ. ಉಳಿದದ್ದು ಲೆಕ್ಕದ ಪುಸ್ತಕದಲ್ಲಿರುತ್ತದೆ.

ಸ್ಯಾಟರ್ನ್ ಸೋತ ಮೇಲೆ ಸೆಗಾ ಕೊನೆಯದೊಂದು ಪ್ರಯತ್ನ ಮಾಡಿತು. ಅದರ ಹೆಸರು ಡ್ರೀಮ್‌ಕ್ಯಾಸ್ಟ್. 1998ರ ನವೆಂಬರ್ 27ರಂದು ಜಪಾನಿನಲ್ಲಿ ಬಂತು. ಒಳ್ಳೆಯ ಯಂತ್ರವೆಂದು ಈಗಲೂ ಹೊಗಳುವವರಿದ್ದಾರೆ. ಫೋನಿನ ತಂತಿಯ ಮೂಲಕ ಬೇರೆ ಊರಿನವರ ಜೊತೆ ಆಡಲು ಅದರೊಳಗೇ ಮೋಡೆಮ್ ಇತ್ತು. ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9ರಂದು 199 ಡಾಲರಿಗೆ ಬಿಟ್ಟರು. ಮೊದಲ 24 ಗಂಟೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆ ಹೋದವು. ಗೇಮ್‌ಗಳೂ ಸೇರಿ ಸುಮಾರು 9 ಕೋಟಿ 80 ಲಕ್ಷ ಡಾಲರಿನ ವ್ಯಾಪಾರ! ನಮ್ಮ ಅಂಗಡಿಯ ಜೂನ್ ತಿಂಗಳೇ ಸರಿ.

ಆದರೆ ಆನೆಗಿಂತ ಮೊದಲೇ ಅದರ ಗಂಟೆಯ ಸದ್ದು ಬರುತ್ತದಲ್ಲ, ಹಾಗೆ ಸೋನಿಯವರು ಪ್ಲೇಸ್ಟೇಷನ್ 2 ಬರುತ್ತದೆಂದು ಮೊದಲೇ ಸಾರಿದ್ದರು. ಅದರಲ್ಲಿ ಡಿವಿಡಿ ಹಾಕಿ ಸಿನಿಮಾನೂ ನೋಡಬಹುದು. ಬಹಳ ಜನ ಅದಕ್ಕಾಗಿ ಕಾಯುತ್ತಾ ಕೂತರು. 2000ದ ಮಾರ್ಚಿನಲ್ಲಿ ಜಪಾನಿನಲ್ಲಿ ಬಂದ ಅದು ಕೊನೆಗೆ 16 ಕೋಟಿಯವರೆಗೆ ಮಾರಾಟವಾಯಿತು. ಇತ್ತ ಸೆಗಾ ಬೆಲೆ ಇಳಿಸುತ್ತಾ ಹೋಯಿತು. 199 ಇದ್ದದ್ದು 149, ಆಮೇಲೆ 99. ಸಾಲದ್ದಕ್ಕೆ ಜನ ಅದರ ಗೇಮ್‌ಗಳನ್ನು ಸಾಮಾನ್ಯ ಸಿ.ಡಿ.ಗೆ ನಕಲು ಮಾಡಲು ಕಲಿತರು. ಹಾಗಾದರೆ ಕಪ್ಪ ಎಲ್ಲಿಂದ ಬರಬೇಕು?

ಇಲ್ಲಿ ನಾನೂ ಒಪ್ಪಿಕೊಳ್ಳಬೇಕು. ಮಗ ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೂ ಕ್ಯಾಸೆಟ್ ಹಾಕುವ ಅಗ್ಗದ ವಿಡಿಯೋ ಗೇಮ್ ಇತ್ತು. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ. ಅದು ನಿಂಟೆಂಡೊ ಯಂತ್ರದ ನಕಲು, ಅದರಿಂದ ಜಪಾನಿಗೆ ಚಿಕ್ಕಾಸೂ ಸೇರಿರಲಿಲ್ಲ ಎಂದು ಈಗಲೇ ನನಗೆ ಗೊತ್ತಾದದ್ದು.

2001ರ ಜನವರಿ 31ರಂದು ಸೆಗಾ ಡ್ರೀಮ್‌ಕ್ಯಾಸ್ಟ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಕೊನೆಯವರೆಗೂ ಪ್ರಪಂಚದ ಉದ್ದಗಲಕ್ಕೂ ಒಟ್ಟು ಮಾರಾಟವಾದದ್ದು ಸುಮಾರು 90 ಲಕ್ಷ. ಆ ವರ್ಷದ ನಷ್ಟ 5 ಸಾವಿರ ಕೋಟಿ ಯೆನ್ನಿಗೂ ಮಿಕ್ಕಿತ್ತು. ಕಂಪನಿ ಮುಳುಗಲೇಬೇಕಿತ್ತು. ಮುಳುಗಲಿಲ್ಲ. ಅದರ ಮುಖ್ಯಸ್ಥರು ಇಸಾವೊ ಒಕಾವಾ ಎಂಬ ವೃದ್ಧರು. ಮೊದಲೇ ಕೈಯಿಂದ ಕೋಟಿಗಟ್ಟಲೆ ಸಾಲ ಕೊಟ್ಟಿದ್ದವರು. ಆ ಸಾಲವನ್ನು ಬಿಟ್ಟುಕೊಟ್ಟರು. ಸುಮಾರು 70 ಕೋಟಿ ಡಾಲರ್ ಬೆಲೆಯ ತಮ್ಮ ಸ್ವಂತ ಷೇರುಗಳನ್ನೂ ಕಂಪನಿಗೇ ಕೊಟ್ಟುಬಿಟ್ಟರು. ಕೆಲವೇ ವಾರಗಳಲ್ಲಿ, ಮಾರ್ಚ್ 16ರಂದು, ತಮ್ಮ 74ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆಮೇಲೆ ಸೆಗಾ ಯಂತ್ರ ಮಾಡಲಿಲ್ಲ, ಬೇರೆಯವರ ಯಂತ್ರಗಳಿಗೆ ಗೇಮ್ ಮಾಡಿಕೊಡುವ ಕೆಲಸಕ್ಕೆ ನಿಂತಿತು. ಅದೇ ವರ್ಷದ ಕೊನೆಗೆ ಸೋನಿಕ್ ಹಳೆಯ ವೈರಿ ನಿಂಟೆಂಡೊ ಯಂತ್ರದಲ್ಲಿ ಓಡುತ್ತಿತ್ತು!

ಗೆದ್ದವರಾದರೂ ನೆಮ್ಮದಿಯಾಗಿದ್ದರೇ? 2006ರಲ್ಲಿ ಪ್ಲೇಸ್ಟೇಷನ್ 3 ತಂದಾಗ ಸೋನಿ 599 ಡಾಲರ್ ಇಟ್ಟರೂ ತಯಾರಿಕೆಯ ಖರ್ಚು ಹುಟ್ಟಲಿಲ್ಲ. ಆ ವರ್ಷ ಅದರ ಗೇಮ್ ವಿಭಾಗಕ್ಕೆ 23 ಸಾವಿರ ಕೋಟಿ ಯೆನ್ನಿಗೂ ಹೆಚ್ಚು ನಷ್ಟ. ಎಕ್ಸ್‌ಬಾಕ್ಸ್ ಪೆಟ್ಟಿಗೆಗಳ ಮಾರಾಟದಲ್ಲಿ ಯಾವತ್ತೂ ಲಾಭ ಕಂಡಿಲ್ಲವೆಂದು ಮೈಕ್ರೋಸಾಫ್ಟ್‌ನವರೇ 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಹೇಳಿದರು. ಅವರಿಗೆ ನಷ್ಟ ತಡೆದುಕೊಳ್ಳಲು ಬೇರೆ ವ್ಯಾಪಾರಗಳ ಬೆನ್ನಿತ್ತು. ಸೆಗಾಕ್ಕೆ ಇದ್ದದ್ದು ಒಬ್ಬ ಮುದುಕ.

ಅಪ್ಪನಿಗೂ ಬೇರೆ ಬೆನ್ನಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ದೊಡ್ಡ ಅಂಗಡಿಯೊಂದು ಬಂತು. ಮಕ್ಕಳು ಅಗ್ಗದ ಬಾಕ್ಸಿಗೆ ಅಪ್ಪನ ಹತ್ತಿರ ಬಂದು ನೋಟ್ ಬುಕ್ಕಿಗೆ ಅಲ್ಲಿಗೆ ಹೋಗತೊಡಗಿದರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮನೆ ಕಟ್ಟಿಸಲೆಂದು ಇಟ್ಟಿದ್ದ ಸೈಟು ಮಾರಿ, ಸಾಲ ಕೊಟ್ಟವರಿಗೆಲ್ಲ ಬಾಕಿ ತೀರಿಸಿ, ಅಂಗಡಿಯ ಹುಡುಗನಿಗೆ ಮೂರು ತಿಂಗಳ ಸಂಬಳ ಕೈಗಿಟ್ಟು ಬಾಗಿಲು ಹಾಕಿದರು. ಮರುತಿಂಗಳೇ ಆ ದೊಡ್ಡ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ನನಗೆ ನಾಚಿಕೆಯೋ ನಾಚಿಕೆ. ಗೆಳತಿಯರ ಜೊತೆ ಆ ದಾರಿಯಲ್ಲಿ ಹೋಗುವಾಗ ಅಪ್ಪನನ್ನು ಕಂಡರೂ ಕಾಣದವಳಂತೆ ಮುಖ ತಿರುಗಿಸುತ್ತಿದ್ದೆ. ಅವರು ನೋಡಿದ್ದರೋ ಇಲ್ಲವೋ, ಒಂದು ದಿನವೂ ಕೇಳಲಿಲ್ಲ. ಅವರಿರುವಷ್ಟು ದಿನ ನಾನೂ ಹೇಳಲಿಲ್ಲ.

ಮಗ ಹೊರಡುವ ಹಿಂದಿನ ರಾತ್ರಿ ಟಿವಿಯಲ್ಲಿ ನೀಲಿ ಪ್ರಾಣಿಯೊಂದು ಓಡುತ್ತಿತ್ತು. ಸೆಗಾದ ಸೋನಿಕ್, ಸೋನಿಯ ಪೆಟ್ಟಿಗೆಯಲ್ಲಿ. “ಬೇರೆಯವರ ಮನೇಲೂ ಎಷ್ಟು ಚೆನ್ನಾಗಿ ಓಡ್ತಾ ಇದೆ ನೋಡೋ” ಎಂದೆ. ಮಗನಿಗೆ ಅರ್ಥವಾಗಲಿಲ್ಲ. “ನಿಮ್ಮ ತಾತನ ಕಥೆ ಹೇಳ್ತೀನಿ, ಆಟ ನಿಲ್ಲಿಸಿ ಇಲ್ಲಿ ಬಾ” ಎಂದೆ.