ನೆಟ್ಟಗೆ ನಿಲ್ಲುವ ವಿದ್ಯೆ: ಮೈಸೂರಿನ ಯೋಗಶಾಲೆಯಿಂದ ಬಿಟಿಎಂ ಲೇಔಟಿನವರೆಗೆ

ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರು ಕೂಡಿಸಿಕೊಂಡ ಬಿಟಿಎಂ ಲೇಔಟಿನಲ್ಲಿ ಪಿಜಿ ಕೋಣೆಯ ಮಂಚವೇ ಅನೇಕರ ಕಚೇರಿ. ತೊಡೆಯ ಮೇಲೆ ಲ್ಯಾಪ್‌ಟಾಪ್, ಮುಂದಕ್ಕೆ ಚಾಚಿದ ಕತ್ತು, ಕುಸಿದ ಸೊಂಟ. ಮನೆಯಿಂದ ಸಿಗುವ ಬುದ್ಧಿಮಾತು "ನೆಟ್ಟಗೆ ಕೂತ್ಕೋ" ಎಂಬುದಷ್ಟೆ. ಹಾಗೆಂದ ಕೂಡಲೇ ಎದೆ ಉಬ್ಬುತ್ತದೆ, ಕೆಳಬೆನ್ನು ಬಿಗಿಯುತ್ತದೆ. ಸ್ವಲ್ಪ ಹೊತ್ತಿಗೆ ಸ್ನಾಯು ದಣಿದು ಮೈ ಮತ್ತೆ ಕುಸಿಯುತ್ತದೆ. ವರ್ಷಗಟ್ಟಲೆ ಓರೆಯಾಗಿ ಕೂತವರಿಗೆ ಆ ಓರೆಯೇ ನೇರವೆನಿಸುವುದರಿಂದ, ತಿದ್ದಲು ಹೊರಗಿನ ಕಣ್ಣೊಂದು ಬೇಕು. ದೇಹಭಂಗಿಯನ್ನು ಗುರುವಿನ ಎದುರು ನಿಂತೇ ಕಲಿಯಬೇಕು ಎಂಬುದು ಈ ಲೇಖನದ ವಾದ.

ಇದಕ್ಕೆ ನಮ್ಮಲ್ಲೇ ಗಟ್ಟಿಯಾದ ಪರಂಪರೆಯಿದೆ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ 'ಯೋಗ ಮಕರಂದ' ಕನ್ನಡದಲ್ಲೇ ಹೊರಬಂತು. ಅದೇ ಹೊತ್ತಿಗೆ ಅಲ್ಲಿಗೆ ಬಂದವರು ಅವರ ಮೈದುನ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಕ್ಷಯವೂ ಸೇರಿ ಹಲವು ಕಾಯಿಲೆಗಳಿಂದ ನಲುಗಿದ್ದ ಹುಡುಗ ಅವರು. ಮುಂದೆ ಪುಣೆಯಲ್ಲಿ ನೆಲೆಸಿ, ಬಗ್ಗದ ಮೈಯವರೂ ಆಸನ ಮಾಡುವಂತೆ ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನು ಪಾಠಕ್ಕೆ ತಂದರು. 1966ರ 'ಲೈಟ್ ಆನ್ ಯೋಗ'ದಲ್ಲಿ ಅವರು ಆಸನಗಳನ್ನು ಆರಂಭಿಸಿದ್ದು ತಾಡಾಸನದಿಂದ, ಅಂದರೆ ಬರಿದೇ ನಿಲ್ಲುವುದರಿಂದ. ಪಾದದ ಮೇಲೆ ಭಾರ ಹೇಗೆ ಬೀಳುತ್ತಿದೆಯೆಂದು ತಿಳಿಯಲು ಚಪ್ಪಲಿ ಎಲ್ಲಿ ಸವೆದಿದೆ ನೋಡಿ ಎನ್ನುವ ಅವರ ಸೂಕ್ಷ್ಮತೆ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ.

ಪಶ್ಚಿಮದಲ್ಲಿ ಇದೇ ಪ್ರಶ್ನೆಯನ್ನು ಹಿಡಿದವರು ಟಾಸ್ಮೇನಿಯಾದ ಎಫ್.ಎಂ. ಅಲೆಕ್ಸಾಂಡರ್ (1869–1955). ವಾಚನಕಾರರಾದ ಅವರ ದನಿ ಕಟ್ಟುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡಾಗ, ಮಾತಿಗೆ ತೊಡಗುವಾಗಲೆಲ್ಲ ತಲೆಯನ್ನು ಹಿಂದಕ್ಕೆಳೆಯುವುದು ಗೊತ್ತಾಯಿತು. ಇಂಥ ಅಭ್ಯಾಸಗಳನ್ನು ತಿದ್ದಲು ಅವರು ರೂಪಿಸಿದ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ 579 ಬೆನ್ನುನೋವಿನ ರೋಗಿಗಳ ಮೇಲೆ ಪರೀಕ್ಷಿಸಿದ ಅಧ್ಯಯನ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ, ಮಾಮೂಲಿ ಚಿಕಿತ್ಸೆ ಪಡೆದವರಿಗೆ ನಾಲ್ಕು ವಾರದಲ್ಲಿ ನೋವಿನ ದಿನಗಳು 21. 24 ಪಾಠ ಪಡೆದವರಿಗೆ 3. ಆರೇ ಪಾಠ ಪಡೆದವರಿಗೂ ಗಣನೀಯ ಲಾಭವಾಗಿತ್ತು.

ಬಿಟಿಎಂಗೆ ಹತ್ತಿರದ ಪುರಾವೆ ಜಿಗಣಿಯದು. ಅಲ್ಲಿನ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದಲ್ಲಿ ಅಧ್ಯಯನವೊಂದಕ್ಕಾಗಿ 80 ಬೆನ್ನುನೋವಿನ ರೋಗಿಗಳು ಎರಡು ಗುಂಪುಗಳಾಗಿ ವಾರವಿಡೀ ತಂಗಿದ್ದರು. ವ್ಯಾಯಾಮದ ಗುಂಪಿಗಿಂತ ಯೋಗದ ಗುಂಪಿನಲ್ಲಿ ಬೆನ್ನಿನ ಬಾಗುವಿಕೆ ಹೆಚ್ಚು ಸುಧಾರಿಸಿತೆಂದು 2008ರ ಆ ಅಧ್ಯಯನ ತೋರಿಸಿತು. ಆದರೆ ಒಂದು ವಾರ ಕೆಲಸ ಬಿಟ್ಟು ತಂಗುವ ಅನುಕೂಲ ಪಿಜಿಯಲ್ಲಿರುವ ಎಷ್ಟು ಜನರಿಗಿದೆ? ಅವರಿಗೆ ಬೇಕಿರುವುದು ಮನೆಯ ಹತ್ತಿರ, ವಾರಕ್ಕೊಮ್ಮೆ, ಕೈಯಿಂದ ಮುಟ್ಟಿ ತಿದ್ದುವ ಪಾಠ. ಇಂಥ ಪಾಠದ ಫಲವನ್ನು ಅಳೆಯುವಾಗ ಬೆನ್ನು ಎಷ್ಟು ನೇರವಾಯಿತೆಂದು ನೋಡಬಾರದು. ಇಂಥದೇ ಭಂಗಿ ನೋವನ್ನು ತಡೆಯುತ್ತದೆ ಎಂಬುದಕ್ಕೆ ಬಲವಾದ ಆಧಾರವಿಲ್ಲ. ಕುರ್ಚಿಯಿಂದ ಏಳುವಾಗ ಕತ್ತು ಬಿಗಿಯುವುದು ನಿಂತಿತೆ, ಮೆಟ್ಟಿಲು ಹತ್ತುವಾಗ ಉಸಿರು ಸರಾಗವಾಯಿತೆ, ನೋವಿನ ದಿನಗಳು ಎಷ್ಟು ಇಳಿದವು ಎಂಬುದನ್ನು ಕನಿಷ್ಠ ಒಂದು ವರ್ಷ ದಾಖಲಿಸಬೇಕು.